ಅಂಪೈರ್ ನಮ್ಮ ಸಸ್ಪೆನ್ಸ್ ಅಕೌಂಟ್ ಅಲ್ಲ ಕಣ್ರಪ್ಪಾ

ಈ ವಾರದ ಕ್ಯಾಪ್ಶನ್ ಉದ್ದ ಇದೆ, ಮೊದಲೇ ಹೇಳ್ಬಿಡ್ತೀನಿ. ಮುಗಿಯೋದಿಲ್ಲ ಅನ್ನಿಸಿದ್ರೆ ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಮೊದಲನೇ ಫೋಟೋದಲ್ಲಿರೋ ಖಾಲಿ ಗ್ರೌಂಡ್ ಯಾವುದು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. ಮಾನಸಗಂಗೋತ್ರಿಯ ಗ್ಲೇಡ್ಸ್. ಯಾದವಗಿರಿಯ ನಮ್ಮನೆಯಿಂದ ಗಾಡೀಲಿ ಹತ್ತು ನಿಮಿಷ. ಅದನ್ನ ಯಾಕೆ ಹಾಕಿದೀನಿ ಅಂತ ಆಮೇಲೆ ಹೇಳ್ತೀನಿ. ಮೊದಲು ಜಗಳದ ವಿಷಯ.

ಹೋದ ವಾರ ನಮ್ಮ ಕ್ಲಾಸ್ ಗ್ರೂಪಲ್ಲಿ ಯಾರೋ ಒಬ್ಬ ಹಳೇ ರೀಲ್ ಹಾಕಿದ. 2023ರ ಜುಲೈ 22, ಢಾಕಾ, ಬಾಂಗ್ಲಾದೇಶದ ವಿರುದ್ಧ ಮೂರನೇ ಏಕದಿನ ಪಂದ್ಯ. ಹರ್ಮನ್‌ಪ್ರೀತ್ ಕೌರ್ ಔಟ್ ಅಂತ ಅಂಪೈರ್ ಕೈ ಎತ್ತಿದ್ದೇ ತಡ, ಆಕೆ ಬ್ಯಾಟ್‌ನಲ್ಲಿ ಸ್ಟಂಪ್ಸ್‌ಗೆ ಬಾರಿಸಿ ಬಯ್ಕೊಂಡು ಹೋಗೋದು. ಅದರ ಕೆಳಗೆ ರಾತ್ರಿ ಹನ್ನೆರಡರವರೆಗೂ ಮೆಸೇಜು. ಅರ್ಧ ಜನ 'ಕ್ವೀನ್' ಅಂತ, ಅರ್ಧ ಜನ 'ನಾಚಿಕೆಗೇಡು' ಅಂತ. ಮಾರನೇ ದಿನ ಕಾಸ್ಟಿಂಗ್ ಇಂಟರ್ನಲ್ಸ್ ಇತ್ತು, ಅದರ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಬೆಳಗ್ಗೆ ಆಕಾಶವಾಣಿ ಹತ್ರದ ಟೀ ಅಂಗಡೀಲೂ ಅದೇ ಮಾತು ಮುಂದುವರಿಯಿತು.

ನಾನು ಸುಮ್ನಿದ್ದೆ. ಯಾಕಂದ್ರೆ ಆವತ್ತು ನಾನೂ ಕೂಗಾಡಿದ್ದೆ. ಆಗ ಸೆಕೆಂಡ್ ಪಿಯು. 'ಅಂಪೈರ್ ದುಡ್ಡು ತಿಂದಿದ್ದಾನೆ' ಅಂತ ಸ್ಟೋರಿ ಹಾಕಿದ್ದೆ, ಬೆಂಕಿ ಎಮೋಜಿ ಸಮೇತ. ಈಗ ಒಪ್ಕೋತೀನಿ: ನಾನು ಆ ಮ್ಯಾಚ್ ನೋಡಿರಲೇ ಇಲ್ಲ. ನೋಡಿದ್ದು ಆ ಇಪ್ಪತ್ತು ಸೆಕೆಂಡ್ ಮಾತ್ರ.

ಈ ಸಲ ಗ್ರೂಪಲ್ಲಿ ಟೈಪ್ ಮಾಡೋ ಬದಲು ಸ್ಕೋರ್‌ಕಾರ್ಡ್ ತೆಗೆದು ಕೂತೆ. ಬಾಂಗ್ಲಾದೇಶ 50 ಓವರಲ್ಲಿ 4 ವಿಕೆಟ್‌ಗೆ 225. ಫರ್ಗಾನಾ ಹಕ್ 107. ಬಾಂಗ್ಲಾ ಮಹಿಳೆಯರ ಏಕದಿನ ಕ್ರಿಕೆಟ್‌ನಲ್ಲಿ ಅದೇ ಮೊದಲ ಸೆಂಚುರಿ, ನಮ್ಮಲ್ಲಿ ಯಾರಿಗಾದ್ರೂ ನೆನಪಿದ್ಯಾ? ನಮ್ಮ ಕಡೆ ಸ್ಮೃತಿ 59, ಹರ್ಲೀನ್ 77. ಸ್ಕೋರು 4 ವಿಕೆಟ್‌ಗೆ 191. ಬೇಕಿದ್ದದ್ದು ಬರೀ 35 ರನ್, ಕೈಯಲ್ಲಿ ಆರು ವಿಕೆಟ್. ಅಲ್ಲಿಂದ 34 ರನ್ ಸೇರಿಸೋಷ್ಟರಲ್ಲಿ ಆರೂ ವಿಕೆಟ್ ಹೋಯ್ತು. ಕೊನೇ ಓವರ್‌ಗೆ 3 ರನ್, ಒಂದೇ ವಿಕೆಟ್. ಎರಡು ರನ್ ಬಂತು, ಮೇಘನಾ ಸಿಂಗ್ ಔಟ್, ಮ್ಯಾಚ್ ಟೈ. ಜೆಮಿಮಾ ಇನ್ನೊಂದು ತುದಿಯಲ್ಲಿ 33 ಹೊಡ್ಕೊಂಡು ನಿಂತೇ ಇದ್ಲು.

ಮೇಘನಾ ಔಟ್ ಬಗ್ಗೆಯೂ ಅನುಮಾನ ಇತ್ತು, ಹರ್ಮನ್ ಔಟ್ ಬಗ್ಗೆಯೂ. ಇಲ್ಲ ಅನ್ನಲ್ಲ. ಎರಡೂ ತಪ್ಪೇ ಅಂತ ಇಟ್ಕೊಳ್ಳೋಣ. ಆದ್ರೂ ಉಳಿದ ವಿಕೆಟ್‌ಗಳ ಲೆಕ್ಕ ಯಾರು ಕೊಡ್ತಾರೆ?

ಬಿಕಾಂ ಮಾಡೋರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದೇ ಹೋದಾಗ ವ್ಯತ್ಯಾಸವನ್ನ ಎತ್ತಿ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ, ಅದೇ ಕೆಲಸ ಇಲ್ಲೂ ನಡೆಯೋದು. ತಂಡ ಸೋತಿದೆ, ಯಾಕೆ ಅಂತ ಲೆಕ್ಕ ಸಿಗ್ತಿಲ್ಲ, ಅಂಪೈರ್ ಹೆಸರಿಗೆ ಬರೆದು ಗೆರೆ ಎಳಿ. ವ್ಯತ್ಯಾಸ ಏನೋ ಮುಚ್ಚುತ್ತೆ. ತಪ್ಪು ಎಲ್ಲಾಯ್ತು ಅಂತ ಹುಡುಕೋ ಕೆಲಸ ಹಾಗೇ ಉಳಿಯುತ್ತೆ. ನಮ್ಮ ಅಕೌಂಟೆನ್ಸಿ ಲೆಕ್ಚರರ್ ಹೇಳೋ ಹಾಗೆ, ಸಸ್ಪೆನ್ಸ್ ಅಕೌಂಟ್ ಇರೋದು ಒಂದು ರಾತ್ರಿ ನಿದ್ದೆ ಮಾಡೋಕೆ, ವರ್ಷಾನುಗಟ್ಟಲೆ ಸಾಕ್ಕೊಳ್ಳೋಕಲ್ಲ.

ಆ 191 ಅನ್ನೋ ಸಂಖ್ಯೆ ನನ್ನ ತಲೇಲಿ ಕೂತ್ಬಿಟ್ಟಿದೆ. 2017ರ ಜುಲೈ 23, ಲಾರ್ಡ್ಸ್, ವಿಶ್ವಕಪ್ ಫೈನಲ್. ಇಂಗ್ಲೆಂಡ್ ಕೊಟ್ಟ ಗುರಿ 229. ನಮ್ಮ ಸ್ಕೋರು 3 ವಿಕೆಟ್‌ಗೆ 191. ಅಲ್ಲಿಂದ 28 ರನ್‌ಗೆ ಏಳು ವಿಕೆಟ್. 219ಕ್ಕೆ ಆಲೌಟ್, 9 ರನ್ ಸೋಲು. ಆವತ್ತು ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 35 ಹೊಡೆದಿದ್ರು, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ತಂಡದಲ್ಲಿದ್ರು. ಆರು ವರ್ಷದ ಅಂತರ, ಒಂದೇ ಸ್ಕೋರು, ಒಂದೇ ಥರದ ಕುಸಿತ. ಇದರ ಬಗ್ಗೆ ರೀಲ್ ನೋಡಿದೀರಾ? ಮಿಡ್ಲ್ ಆರ್ಡರ್ ಕುಸಿಯೋದು ಇಪ್ಪತ್ತು ಸೆಕೆಂಡಲ್ಲಿ ಹಿಡಿಸೋದಿಲ್ಲ ನೋಡಿ.

ಇನ್ನೂ ಮಜಾ ಬೇಕಾ? 2024ರ ಅಕ್ಟೋಬರ್ 4, ದುಬೈ, ಟಿ20 ವಿಶ್ವಕಪ್‌ನ ನಮ್ಮ ಮೊದಲ ಪಂದ್ಯ, ನ್ಯೂಜಿಲೆಂಡ್ ಎದುರು. ಅಮೇಲಿಯಾ ಕೆರ್ ಎರಡನೇ ರನ್‌ಗೆ ಓಡಿ ರನ್ ಔಟ್ ಆದ್ಲು. ಅಷ್ಟರಲ್ಲಿ ಓವರ್ ಮುಗೀತು ಅಂತ ಅಂಪೈರ್ ದೀಪ್ತಿ ಶರ್ಮಾಗೆ ಕ್ಯಾಪ್ ವಾಪಸ್ ಕೊಟ್ಟಾಗಿತ್ತು. ಹಾಗಾಗಿ ಡೆಡ್ ಬಾಲ್, ನಾಟೌಟ್. ಹರ್ಮನ್ ವಾದ ಮಾಡಿದ್ರು, ಕೋಚ್ ಬೌಂಡರಿ ಹತ್ರ ವಾದ ಮಾಡಿದ್ರು, ನಾವು ಮೂರು ದಿನ ವಾದ ಮಾಡಿದ್ವಿ. ಕೆರ್ ಆಮೇಲೆ ಸ್ವಲ್ಪ ಹೊತ್ತಿಗೇ 13ಕ್ಕೆ ಔಟ್. ನಾವು ಆ ಮ್ಯಾಚ್ ಸೋತಿದ್ದು ಎಷ್ಟರಿಂದ? 58 ರನ್‌ನಿಂದ! ಅವರು 160, ನಾವು 102. ಆ ಒಂದು ಬಾಲು ಇದರಲ್ಲಿ ಎಷ್ಟು ಪರ್ಸೆಂಟ್ ಅಂತ ನೀವೇ ಲೆಕ್ಕ ಹಾಕಿ.

ತೀರ್ಪು ನಮ್ಮ ಪರ ಬಂದಾಗ ನಾವೆಲ್ಲ ಕಾನೂನು ಪಂಡಿತರು ಬೇರೆ. 2025ರ ಅಕ್ಟೋಬರ್ 5, ಕೊಲಂಬೋ, ಪಾಕಿಸ್ತಾನದ ಮುನೀಬಾ ಅಲಿ ರನ್ ಔಟ್. ಆಕೆ ಬ್ಯಾಟ್ ಒಳಗಿಟ್ಟಿದ್ಲು, ಆಮೇಲೆ ಬ್ಯಾಟ್ ಮೇಲೆದ್ದಿತ್ತು, ಅದೇ ಹೊತ್ತಿಗೆ ದೀಪ್ತಿ ಎಸೆದ ಬಾಲ್ ಸ್ಟಂಪ್ಸ್‌ಗೆ ಬಡೀತು. ಪರದೆ ಮೇಲೆ ಮೊದಲು ನಾಟೌಟ್, ಆಮೇಲೆ ಔಟ್. ಅವರ ಕ್ಯಾಪ್ಟನ್ ಬೌಂಡರಿ ಹತ್ರ ಬಂದು ವಾದಿಸಿದ್ಲು. ನಿಯಮ ಏನಂದ್ರೆ, ಓಡ್ಕೊಂಡೋ ಡೈವ್ ಹೊಡ್ಕೊಂಡೋ ಕ್ರೀಸ್ ಒಳಗೆ ಬಂದೋರ ಬ್ಯಾಟ್ ಆ ರಭಸಕ್ಕೆ ಎದ್ರೆ ಮಾತ್ರ ರಕ್ಷಣೆ. ಮುನೀಬಾ ಓಡ್ತಿರಲಿಲ್ಲ, ಸುಮ್ನೆ ನಿಂತಿದ್ಲು. ತೀರ್ಪು ಸರಿ. ಆದ್ರೆ ಆವತ್ತು ನಮ್ಮ ಗ್ರೂಪಲ್ಲಿ ಎಲ್ಲರೂ ನಿಯಮ ಓದಿ ಹೇಳಿದ್ರು, ಢಾಕಾ ವಿಷಯಕ್ಕೆ ಒಬ್ಬರೂ ಓದಿರಲಿಲ್ಲ.

ಇದು ಬರೀ ನಮ್ಮ ಕಾಯಿಲೆ ಅಲ್ಲ ಬಿಡಿ. ಮಹಿಳಾ ರಗ್ಬಿ ನೋಡೋಕೆ ಈಚೆಗೆ ಶುರು ಮಾಡಿದೀನಿ (ಅರ್ಧ ನಿಯಮ ಇನ್ನೂ ತಲೆಗೆ ಹೋಗಿಲ್ಲ). 2022ರ ನವೆಂಬರ್ 12, ಆಕ್ಲೆಂಡಲ್ಲಿ ವಿಶ್ವಕಪ್ ಫೈನಲ್. ಸತತ 30 ಪಂದ್ಯ ಗೆದ್ದಿದ್ದ ಇಂಗ್ಲೆಂಡ್‌ನ ಲಿಡಿಯಾ ಥಾಂಪ್ಸನ್‌ಗೆ 18ನೇ ನಿಮಿಷದಲ್ಲೇ ರೆಡ್ ಕಾರ್ಡ್, ತಲೆಗೆ ತಲೆ ಬಡಿದ ಟ್ಯಾಕಲ್‌ಗೆ. ಉಳಿದ ಒಂದು ಗಂಟೆ 14 ಜನ ಆಡಿ, 31-34ರಲ್ಲಿ ಸೋತ್ರು. ಕಾರ್ಡ್ ಸರಿಯೋ ತಪ್ಪೋ ಅಂತ ಚರ್ಚೆ ಮಾಡೋಕೆ ಬೇಕಾದಷ್ಟಿದೆ. ಆದ್ರೆ ಕೊನೇ ಗಳಿಗೆಯಲ್ಲಿ ಗೆಲ್ಲೋ ಅವಕಾಶ ಅವರ ಕೈಯಲ್ಲೇ ಇತ್ತು. ಎದುರಾಳಿ ಗೆರೆ ಹತ್ರ ಲೈನ್‌ಔಟ್ ಸಿಕ್ಕಿತ್ತು, ನ್ಯೂಜಿಲೆಂಡ್‌ನೋರು ಬಾಲ್ ಕಿತ್ಕೊಂಡ್ರು. ಅದೂ ಸೋಲಿನ ಲೆಕ್ಕದಲ್ಲಿ ಬರಬೇಕಲ್ವಾ? 2025ರ ಸೆಪ್ಟೆಂಬರಲ್ಲಿ ಅದೇ ಇಂಗ್ಲೆಂಡ್ ಟ್ವಿಕನಮ್‌ನಲ್ಲಿ 81,885 ಜನರ ಮುಂದೆ ಕೆನಡಾನ 33-13ರಿಂದ ಸೋಲಿಸಿ ಕಪ್ ತಗೊಂಡ್ರು. ರಗ್ಬಿಯಲ್ಲಿ ನನಗೆ ಇಷ್ಟ ಆಗಿದ್ದು ಒಂದೇ: ರೆಫರಿ ಮೈಕ್ ಹಾಕ್ಕೊಂಡಿರ್ತಾರೆ, ಯಾಕೆ ಕಾರ್ಡ್ ಕೊಡ್ತಿದೀನಿ ಅಂತ ಅವರು ಹೇಳೋದು ಮನೇಲಿ ಕೂತೋರಿಗೂ ಕೇಳಿಸುತ್ತೆ.

ಈಗ ಎರಡನೇ ಫೋಟೋಗೆ ಸ್ವೈಪ್ ಮಾಡಿ. ಬಿಳಿ ಟೋಪಿ ಹಾಕ್ಕೊಂಡು ಪೆದ್ದಿ ಥರ ನಿಂತಿರೋದು ನಾನೇ.

ನಮ್ಮ ಕಾಲೇಜಲ್ಲಿ ಹುಡುಗೀರ ಇಂಟರ್‌ಕ್ಲಾಸ್ ಟೆನಿಸ್ ಬಾಲ್ ಟೂರ್ನಿ, ಎಂಟು ಓವರ್ ಮ್ಯಾಚು. ಅಂಪೈರ್ ಆಗೋಕೆ ಯಾರೂ ಬರಲಿಲ್ಲ, ನನ್ನ ತಳ್ಳಿದ್ರು. ಕೊನೇ ಓವರಲ್ಲಿ ಒಂದು ರನ್ ಔಟ್ ಅಪೀಲ್. ಬ್ಯಾಟು ಸರಿಯಾಗಿ ಗೆರೆ ಮೇಲಿತ್ತು. ಗೆರೆ ಮುಟ್ಟಿದ್ರೆ ಸೇಫು ಅಂತ ನಾನು ಚಿಕ್ಕಂದಿನಿಂದ ನಂಬ್ಕೊಂಡಿದ್ದೆ. ನಾಟೌಟ್ ಅಂದೆ. ಫೀಲ್ಡಿಂಗ್ ಮಾಡ್ತಿದ್ದ ತಂಡ ಒಂದು ವಿಕೆಟ್‌ನಿಂದ ಸೋತ್ತು. ರಾತ್ರಿ ಮನೇಲಿ ನಿಯಮ ತೆಗೆದು ನೋಡಿದ್ರೆ, ಗೆರೆ ಮೇಲಿದ್ರೆ ಸಾಲದು, ಬ್ಯಾಟಿನ ಒಂದು ಚೂರಾದ್ರೂ ಗೆರೆ ದಾಟಿ ಒಳಗಿರಬೇಕು. ಅಂದ್ರೆ ಔಟು. ನಾನು ಒಂದು ಮ್ಯಾಚ್ ಕಿತ್ಕೊಂಡಿದ್ದೆ.

ಅಷ್ಟೊತ್ತಿಗೆ ಗ್ರೂಪಲ್ಲಿ 'ಫಿಕ್ಸಿಂಗ್' ಅಂತ ಬಂದಾಗಿತ್ತು. 'ಎಷ್ಟು ತಗೊಂಡೆ' ಅಂತ ಒಬ್ಬ ಕೇಳಿದ. ತಮಾಷೆಗೇ ಇರಬಹುದು. ಆದ್ರೆ ಢಾಕಾದ ಆ ಅಂಪೈರ್ ಬಗ್ಗೆ ನಾನು ಹಾಕಿದ್ದ ಸ್ಟೋರಿ ಆವಾಗ ನೆನಪಾಯ್ತು. ಆರ್ಕೈವ್‌ಗೆ ಹೋಗಿ ನೋಡಿದೆ, ಬೆಂಕಿ ಎಮೋಜಿ ಹಾಗೇ ಇತ್ತು. ಊಟ ಸೇರಲಿಲ್ಲ.

ಸೋತ ತಂಡದ ಕ್ಯಾಪ್ಟನ್ ನನ್ನ ಪಕ್ಕದ ಬೆಂಚಿನೋಳು. ಹೆಸರು ಹಾಕಿದ್ರೆ ಬ್ಲಾಕ್ ಮಾಡ್ತಾಳೆ. ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ನಾನೇ ಹೋಗಿ ತಪ್ಪಾಯ್ತು ಅಂದೆ. ಜೊತೆಗೆ ಜಾಣತನ ಮಾಡಿ ಸ್ಕೋರ್ ಬುಕ್ಕೂ ತೋರಿಸಿದೆ: ಅವಳ ತಂಡ 11 ವೈಡ್ ಹಾಕಿತ್ತು. ಅವಳು ಬುಕ್ ಮುಚ್ಚಿ ಹೇಳಿದ್ದು ಇಷ್ಟೇ: "ವೈಡ್ ಹಾಕಿದ್ದು ನಾವು, ನಂಗೊತ್ತು ಕಣೇ. ಗೆರೆ ನೋಡಬೇಕಿದ್ದೋಳು ನೀನು."

ನನ್ನ ಹತ್ರ ಉತ್ತರ ಇರಲಿಲ್ಲ. ಅಲ್ಲೀವರೆಗೂ ನಾನು ಈ ಪೋಸ್ಟನ್ನ ಬೇರೆ ಥರ ಬರೀಬೇಕು ಅಂದ್ಕೊಂಡಿದ್ದೆ, 'ಅಂಪೈರ್ ಬಯ್ಯೋದು ಬಿಡಿ, ತಂಡದ ಆಟ ನೋಡಿ' ಅಂತ. ಅವಳ ಮಾತು ಕೇಳಿದ ಮೇಲೆ ಅದನ್ನ ಅಳಿಸಿದೆ. ಅಂಪೈರ್ ತಪ್ಪು ಅಂಪೈರ್ ಖಾತೆಗೆ ಹೋಗಬೇಕು, ವೈಡು ತಂಡದ ಖಾತೆಗೆ. ಒಂದರ ಸಾಲ ಇನ್ನೊಂದರಲ್ಲಿ ತೀರೋದಿಲ್ಲ. ನಾವು ಮಾಡ್ತಿರೋ ತಪ್ಪು ಅಂದ್ರೆ ಎರಡನ್ನೂ ಒಂದೇ ಕಡೆ ಬರೆಯೋದು.

ಮೂರನೇದು ಒಂದಿದೆ, ಅದನ್ನ ನಾವು ಬರೆಯೋದೇ ಇಲ್ಲ. ಢಾಕಾದ ಆ ಸರಣಿಯಲ್ಲಿ ಡಿಆರ್‌ಎಸ್ ಇರಲಿಲ್ಲ. ಮಹಿಳೆಯರ ವಿಶ್ವಕಪ್‌ನಲ್ಲಿ 2017ರಲ್ಲೇ ಬಂದಿತ್ತು. ಡಬ್ಲ್ಯೂಪಿಎಲ್‌ನಲ್ಲಿ ವೈಡ್‌ಗೂ ರಿವ್ಯೂ ಕೇಳಬಹುದು. ಢಾಕಾದ ಆ ಏಕದಿನ ಪಂದ್ಯಗಳಿಗೆ ಮಾತ್ರ ಬರಿಗಣ್ಣಿನ ತೀರ್ಪೇ ಸಾಕಾಗಿತ್ತು. ಹರ್ಮನ್‌ಗೆ ಪಂದ್ಯ ಶುಲ್ಕದ 75% ದಂಡ, 4 ಡಿಮೆರಿಟ್ ಪಾಯಿಂಟ್, ಎರಡು ಪಂದ್ಯ ನಿಷೇಧ ಬಿತ್ತು, ಏಷ್ಯನ್ ಗೇಮ್ಸ್ ಕ್ವಾರ್ಟರ್ ಫೈನಲ್, ಸೆಮಿ ಫೈನಲ್ ಎರಡೂ ತಪ್ಪಿತು. ನನ್ನ ಪ್ರಕಾರ ದಂಡ ಸರಿ. ಸ್ಟಂಪ್ಸ್‌ಗೆ ಹೊಡೆದದ್ದಕ್ಕಿಂತ, ಆಮೇಲೆ ಟ್ರೋಫಿ ಜೊತೆ ಫೋಟೋ ತೆಗೆಸುವಾಗ ಅಂಪೈರ್‌ಗಳನ್ನೂ ಕರೀರಿ ಅಂತ ಎದುರು ತಂಡಕ್ಕೆ ಚುಚ್ಚಿದ್ದು ನನಗೆ ಹೆಚ್ಚು ಕೆಟ್ಟದಾಗಿ ಕಂಡಿತು. ಚೆನ್ನಾಗಿ ಆಡಿ ಟೈ ಮಾಡಿಕೊಂಡ ಹುಡುಗೀರ ಖುಷಿಗೆ ನೀರೆರಚಿದ ಹಾಗಾಯ್ತು. ಆದ್ರೆ ಡಿಆರ್‌ಎಸ್ ಬೇಡ ಅಂತ ತೀರ್ಮಾನ ಮಾಡಿ ಕೂತೋರಿಗೆ ಯಾವ ದಂಡ?

ಈಗ ಮೊದಲನೇ ಫೋಟೋಗೆ ವಾಪಸ್ ಬನ್ನಿ. ಇದೇ ಗ್ಲೇಡ್ಸ್‌ನಲ್ಲಿ 2014ರ ನವೆಂಬರ್ 16ರಿಂದ 19ರವರೆಗೆ ಭಾರತ ಮತ್ತು ದಕ್ಷಿಣ ಆಫ್ರಿಕಾ ಮಹಿಳೆಯರ ಟೆಸ್ಟ್ ನಡೆದಿತ್ತು. ತಿರುಷ್ ಕಾಮಿನಿ 192, ಪೂನಂ ರಾವುತ್ 130. ಭಾರತಕ್ಕೆ ಇನಿಂಗ್ಸ್ ಮತ್ತು 34 ರನ್ ಗೆಲುವು. ಎರಡೂ ಇನಿಂಗ್ಸ್ ಸೇರಿ 9 ವಿಕೆಟ್ ತೆಗೆದೋರು ಯಾರು ಗೊತ್ತಾ? ಅದೇ ಹರ್ಮನ್‌ಪ್ರೀತ್. ನಾನಾಗ ನಾಲ್ಕನೇ ಕ್ಲಾಸು, ಮನೆಯಿಂದ ಹತ್ತು ನಿಮಿಷದ ದಾರಿ, ಗೊತ್ತೇ ಆಗಲಿಲ್ಲ. ಅಪ್ಪನ್ನ ಕೇಳಿದ್ರೆ ಅವರಿಗೂ ಗೊತ್ತಿಲ್ಲ.

ಅಷ್ಟು ದೊಡ್ಡದಾಗಿ ಗೆದ್ದ ಆ ತಂಡಕ್ಕೆ ಮುಂದಿನ ಟೆಸ್ಟ್ ಸಿಕ್ಕಿದ್ದು 2021ರ ಜೂನ್‌ನಲ್ಲಿ, ಬ್ರಿಸ್ಟಲ್‌ನಲ್ಲಿ. ಹತ್ರ ಹತ್ರ ಏಳು ವರ್ಷ. ಒಂದು ಕ್ಯಾಚಿಗೆ ನಾವು ಮೂರು ದಿನ ಜಗಳ ಆಡ್ತೀವಿ, ಈ ಏಳು ವರ್ಷಕ್ಕೆ ಒಂದು ಸ್ಟೋರಿ ಹಾಕಿದೋರು ನನಗೆ ಗೊತ್ತಿರೋರಲ್ಲಿ ಯಾರೂ ಇಲ್ಲ. ನಾನೂ ಹಾಕಿಲ್ಲ.

2025ರ ನವೆಂಬರ್ 2ರ ರಾತ್ರಿ ನೆನಪಿದೆ ಅಲ್ವಾ? ನವಿ ಮುಂಬೈ, ಶೆಫಾಲಿ 87, ದೀಪ್ತಿ 5 ವಿಕೆಟ್, ದಕ್ಷಿಣ ಆಫ್ರಿಕಾ ವಿರುದ್ಧ 52 ರನ್ ಗೆಲುವು, ಕಪ್ ನಮ್ದು. ನಮ್ಮ ರಸ್ತೇಲೂ ಪಟಾಕಿ ಹೊಡೆದ್ರು, ನಾನೂ ಕುಣಿದೆ. ಆಮೇಲೆ ತಂಡದ ಪಟ್ಟಿ ನೋಡ್ತಾ ಕೂತಾಗ ತಲೆಗೆ ಬಂತು: ಅದರಲ್ಲಿ ಕರ್ನಾಟಕದ ಒಬ್ಬಳೂ ಇಲ್ಲ. 2017ರ ಫೈನಲ್‌ನಲ್ಲಿ ಇಬ್ಬರಿದ್ರು. ಇದಕ್ಕೆ ಬಯ್ಯೋಕೆ ಯಾವ ಅಂಪೈರೂ ಸಿಗಲ್ಲ.

ಈ ಭಾನುವಾರ ಬೆಳಗ್ಗೆ ಎಂಟಕ್ಕೆ ಆ ಎರಡೂ ಕ್ಲಾಸ್‌ಗಳ ಮಧ್ಯೆ ಇನ್ನೊಂದು ಮ್ಯಾಚ್ ಇದೆ, ಕಾಲೇಜ್ ಗ್ರೌಂಡಲ್ಲಿ. ಅಂಪೈರ್ ಮತ್ತೆ ನಾನೇ, ಅವಳೇ ಕೇಳ್ಕೊಂಡ್ಲು. ರನ್ ಔಟ್ ನಿಯಮ ಪ್ರಿಂಟ್ ತೆಗೆದು ಜೇಬಲ್ಲಿ ಇಟ್ಕೊಂಡಿದೀನಿ. ಸ್ಕೋರ್ ಬರೆಯೋಕೆ ಒಬ್ಬರು ಬೇಕು, ವೈಡ್ ಸರಿಯಾಗಿ ಎಣಿಸೋರು. ಬರೋರು ಡಿಎಂ ಮಾಡಿ, ಟೀ ನನ್ನ ಕಡೆಯಿಂದ.