ಬರೀ ಹೆಸರು ತಾನೇ?

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಮೊನ್ನೆ 18 ತುಂಬಿತು. ಅವನ ಬಳಿ ಇರುವುದು ಗ್ರೀನ್ ಕಾರ್ಡ್, ಪೌರತ್ವವಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಅವನಿಗೆ ಮತವಿಲ್ಲ. ಆದರೆ ಬೇಕೆಂದಾಗ ಸೇನೆಗೆ ಕರೆಯಬಹುದಾದ ಯುವಕರ ಪಟ್ಟಿಯಲ್ಲಿ ಅವನ ಹೆಸರು ಇರಲೇಬೇಕು. ನಾನು ಫೋನಿನಲ್ಲಿ ಆತಂಕಪಟ್ಟರೆ, "ಬರೀ ಹೆಸರು ತಾನೇ ಅಕ್ಕಾ, ಯಾರೂ ಯುದ್ಧಕ್ಕೆ ಕರೆಯಲ್ಲ" ಎಂದು ನಕ್ಕ.

ನನ್ನ ತಕರಾರು ಈ "ಬರೀ ಹೆಸರು" ಎಂಬ ಮಾತಿನ ಮೇಲೆಯೇ.

ಅಮೆರಿಕದಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತದ್ದು 1973ರಲ್ಲಿ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಬೆನ್ನಲ್ಲೇ, 1980ರಲ್ಲಿ, ಅಧ್ಯಕ್ಷ ಕಾರ್ಟರ್ ನೋಂದಣಿಯನ್ನು ಮರಳಿ ತಂದರು. 18ರಿಂದ 25 ವರ್ಷದ ಗಂಡಸರು ಹೆಸರು ಕೊಡದಿದ್ದರೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ. ಆದರೂ 80ರ ದಶಕದ ನಂತರ ಇದಕ್ಕಾಗಿ ಯಾರ ಮೇಲೂ ಮೊಕದ್ದಮೆ ಹೂಡಿಲ್ಲ.

ಹಾಗಾದರೆ ಶಿಕ್ಷೆಯೇ ಇಲ್ಲವೇ? ಇದೆ, ಕೋರ್ಟಿನ ಹೊರಗೆ. 26 ತುಂಬಿದ ಮೇಲೆ ಹೆಸರು ಬರೆಸಲು ಅವಕಾಶವಿಲ್ಲ. ಆಮೇಲೆ ಕೇಂದ್ರ ಸರ್ಕಾರದ ನೌಕರಿ ಕೈತಪ್ಪಬಹುದು, ಪೌರತ್ವದ ಅರ್ಜಿ ಕಗ್ಗಂಟಾಗಬಹುದು. ಬೇಕೆಂದೇ ತಪ್ಪಿಸಿಕೊಂಡಿಲ್ಲ ಎಂಬುದನ್ನು ಅವನೇ ತೋರಿಸಿಕೊಡಬೇಕು. ಪೌರತ್ವಕ್ಕೆ ಅರ್ಜಿ ಹಾಕುವವನು ಯಾರು? ವಲಸಿಗ. ಕಾನೂನು ಯಾರಿಗೆ ಗೊತ್ತಿರುವುದಿಲ್ಲವೋ ಅವನ ಕಾಲಿಗೇ ಇದು ತೊಡರುತ್ತದೆ.

"ಪಟ್ಟಿಯಲ್ಲಿ ಸಿರಿವಂತರ ಮಕ್ಕಳೂ ಇದ್ದರೆ ನಾಯಕರು ಯುದ್ಧಕ್ಕೆ ಮುನ್ನ ಹತ್ತು ಸಲ ಯೋಚಿಸುತ್ತಾರೆ" ಎನ್ನುವ ಗೆಳೆಯರಿದ್ದಾರೆ. ತಳ್ಳಿಹಾಕುವ ಮಾತಲ್ಲ. ಆದರೆ ವಿಯೆಟ್ನಾಂ ಕಾಲದಲ್ಲಿ ಪಟ್ಟಿಯೂ ಇತ್ತು, ಯುದ್ಧವೂ ನಡೆಯಿತು. ಕಾಲೇಜು ಸೇರಿದವರ ಸರದಿಯನ್ನು ಮುಂದೂಡಲಾಗುತ್ತಿತ್ತು. ಕಾಲೇಜು ಮೆಟ್ಟಿಲು ಹತ್ತಲಾಗದವರು ಬಂದೂಕು ಹಿಡಿದರು. ಪಿಎಚ್‌ಡಿ ಮಾಡುತ್ತಾ ಕೂತಿರುವ ನನ್ನಂಥವರು ಇದನ್ನು ಮರೆಯಬಾರದು. 1967ರಲ್ಲಿ ಸೇನೆ ಸೇರಲು ಒಲ್ಲೆನೆಂದ ಮುಹಮ್ಮದ್ ಅಲಿಗೆ 5 ವರ್ಷದ ಶಿಕ್ಷೆಯಾಯಿತು. 1971ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡುವ ಹೊತ್ತಿಗೆ ಅವರ ಬಾಕ್ಸಿಂಗ್‌ನ ಒಳ್ಳೆಯ ವರ್ಷಗಳು ಕಳೆದಿದ್ದವು.

ಇನ್ನು ಸಮಾನತೆ. ಗಂಡಸರ ಹೆಸರು ಮಾತ್ರ ಸಾಕು ಎಂದು 1981ರಲ್ಲಿ ಅದೇ ಕೋರ್ಟ್ ಹೇಳಿತು. ಹೆಂಗಸರನ್ನೂ ಸೇರಿಸಿದರೆ ಸರಿಹೋದೀತು ಎನ್ನುವವರಿಗೆ ಹೆಣ್ಣಾಗಿ ನನ್ನ ಉತ್ತರ: ತಮ್ಮನ ಕೊರಳಿನ ಹಗ್ಗವನ್ನು ನನಗೂ ತೊಡಿಸಿದರೆ ಅವನ ಉಸಿರೇನೂ ಸಲೀಸಾಗದು.

ಕೊನೆಗೆ ತಮ್ಮನಿಗೆ ನಾನು ಹೇಳಿದ್ದು, "ಹೆಸರು ಬರೆಸಿಬಿಡು" ಎಂದೇ. ಬರೆಸದಿದ್ದರೆ ನಷ್ಟ ಅವನಿಗೆ, ನನಗಲ್ಲ. ಏಳು ಸಮುದ್ರದಾಚೆ ಕೂತ ಅಕ್ಕನ ಬಾಯಲ್ಲೂ ಈ ಮಾತು ಹೊರಡಿಸಿದ ಕಾಗದವನ್ನು "ಬರೀ ಹೆಸರು" ಎಂದು ಕರೆಯಲು ನಾನು ತಯಾರಿಲ್ಲ.