ಫ್ರಿಜ್ ಮೇಲಿನ ಟೈಮ್‌ಟೇಬಲ್ (ಭಾಗ 6)

ನಮ್ಮ ಚಿಕ್ಕಮ್ಮನ ಮಗ ಸ್ಕೂಲ್ ಬಿಟ್ಟು ಮನೆಯಲ್ಲೇ ಓದ್ತಿದ್ದಾನೆ. ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್. ಲೆಕ್ಕ ಹೇಳಿಕೊಡೋದು ನಾನು. ಮೊದಲ ದಿನವೇ ಟೈಮ್‌ಟೇಬಲ್ ಬರೆದು ಫ್ರಿಜ್‌ಗೆ ಅಂಟಿಸಿದ್ದೆ: 9ಕ್ಕೆ ಗಣಿತ, 9.45ಕ್ಕೆ ವಿಜ್ಞಾನ. ಫೋನಲ್ಲಿ ಅಲಾರಂ ಬೇರೆ!

ಒಂದಿನ ಚಕ್ರಬಡ್ಡಿ ಆಗಷ್ಟೇ ಅವನ ತಲೆಗೆ ಹತ್ತುತ್ತಿತ್ತು, ಅಲಾರಂ ಹೊಡೀತು. "ಸಾಕು, ವಿಜ್ಞಾನ ತೆಗಿ" ಅಂದೆ. "ಅಕ್ಕಾ, ಮತ್ತೆ ನಾನು ಸ್ಕೂಲ್ ಯಾಕೆ ಬಿಟ್ಟೆ?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ನೀವೇ ಯೋಚಿಸಿ. ಎನ್‌ಐಒಎಸ್ಸೇ 5 ವರ್ಷದಲ್ಲಿ 9 ಅವಕಾಶ ಕೊಡುತ್ತೆ, ಪಾಸಾದ ವಿಷಯ ಹಾಗೇ ಉಳಿಯುತ್ತೆ. ಬೋರ್ಡಿಗೇ ಇಲ್ಲದ ಅವಸರ ನನಗ್ಯಾಕೆ?

ಹಾಗಂತ ಎಲ್ಲಾ ಬಿಟ್ಟಿಲ್ಲ. ಈಗ ಎರಡೇ ರೂಲ್ಸ್: ದಿನಾ ಸ್ವಲ್ಪ ಲೆಕ್ಕ ಮಾಡ್ಬೇಕು, ಭಾನುವಾರ ಕೂತು ವಾರದಲ್ಲಿ ಏನಾಯ್ತು ನೋಡ್ಬೇಕು. ಉಳಿದಿದ್ದು ಅವನಿಷ್ಟ. ಮೊನ್ನೆ ಚಿಕ್ಕಮ್ಮನ ಚೀಟಿ ದುಡ್ಡಿನ ಲೆಕ್ಕ ಹಿಡಿದು ಎರಡು ಗಂಟೆ ಎದ್ದೇ ಇಲ್ಲ. ವಿಜ್ಞಾನ ಮರುದಿನ ಓದಿದ. ಏನೂ ಮುಳುಗಿಹೋಗಲಿಲ್ಲ.

ನೀವೂ ಮನೇಲಿ ತಮ್ಮನಿಗೋ ತಂಗಿಗೋ ಪಾಠ ಹೇಳ್ತೀರಾ? ಪುಸ್ತಕ ಮುಚ್ಚಿಸೋ ಮುಂಚೆ "ಇನ್ನೂ ಹತ್ತು ನಿಮಿಷ ಬೇಕಾ?" ಅಂತ ಒಮ್ಮೆ ಕೇಳಿ ನೋಡಿ. ಏನಂದ್ರು ಅಂತ ಕಾಮೆಂಟಲ್ಲಿ ಹೇಳಿ.