ನೇತ್ರಾಣಿಯಲ್ಲಿ ತಿದ್ದಿದ ಲೆಕ್ಕ

ಮಕ್ಕಳೇ, ನಾನು ಕೃಷ್ಣಾ ಹೊಳೆಯನ್ನು ಈಜಿ ದಾಟಿದ ಕಥೆಯನ್ನು ನಮ್ಮ ಮನೆಯಲ್ಲಿ ಕೇಳದವರಿಲ್ಲ. ಬೇಸಿಗೆ ರಜೆ ಬಂದರೆ ತೇರದಾಳದ ಹುಡುಗರಾದ ನಮಗೆ ಹೊಳೆಯೇ ಮನೆ. "ಈ ದಂಡಿಯಿಂದ ಆ ದಂಡಿಗೆ ಒಬ್ಬನ ಹೋಗಿ ಮುಟ್ಟಿದ್ದೆ" ಎಂದು ಮೊಮ್ಮಗಳಿಗೆ ಹೇಳಿ ಹೇಳಿ, ಕೊನೆಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ. ಆ ಕಥೆಯಲ್ಲಿ ಒಂದು ಪ್ರಾಣಿ ಬಿಟ್ಟುಹೋಗಿತ್ತು. ಅದು ಯಾವುದೆಂದು ಮುಂದೆ ಹೇಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಮಗ, ಸೊಸೆ, ಏಳನೇ ಇಯತ್ತೆಯ ಮೊಮ್ಮಗಳು, ನಮ್ಮ ಮನೆಯವರು ಮತ್ತು ನಾನು ಮುರುಡೇಶ್ವರಕ್ಕೆ ಹೋದೆವು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲೆ ದಾರಿ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಜೊತೆಗಿತ್ತು. ದೇವರ ದರ್ಶನ ಮುಗಿಸಿದ ಮರುದಿನ ನೇತ್ರಾಣಿ ದ್ವೀಪಕ್ಕೆ ಹೋಗುವುದು, ಅಲ್ಲಿ ಮಗ ಸಮುದ್ರದ ಆಳಕ್ಕಿಳಿಯುವುದು, ನಾನೂ ಮೊಮ್ಮಗಳೂ ಮೇಲೆಯೇ ತೇಲುತ್ತ ಮೀನು ನೋಡುವುದು ಎಂದು ಮೊದಲೇ ಗೊತ್ತಾಗಿತ್ತು. ಹೀಗೆ ತೇಲುತ್ತ ನೋಡುವುದಕ್ಕೆ ಸ್ನಾರ್ಕ್ಲಿಂಗ್ ಎನ್ನುತ್ತಾರೆ. ಕಣ್ಣು, ಮೂಗು ಎರಡನ್ನೂ ಮುಚ್ಚುವ ಕನ್ನಡಕ, ಬಾಯಲ್ಲಿ ಒಂದು ಕೊಳವೆ. ಮುಖ ನೀರೊಳಗೆ, ಕೊಳವೆಯ ತುದಿ ಗಾಳಿಯಲ್ಲಿ.

ಬೆಳಿಗ್ಗೆ ದೋಣಿ ಹತ್ತುವ ಮೊದಲು ಒಂದು ಫಾರ್ಮು ಕೊಟ್ಟರು. ಈಜು ಬರುತ್ತದೆಯೇ? ರಕ್ತದೊತ್ತಡ, ಹೃದಯದ ತೊಂದರೆ, ದಮ್ಮು ಇದೆಯೇ? ಮೊಮ್ಮಗಳು ಪಕ್ಕದಲ್ಲೇ ನಿಂತು ಇಣುಕುತ್ತಿದ್ದಳು. ಈಜು: ಹೌದು. ರಕ್ತದೊತ್ತಡ: ಇಲ್ಲ. ಬರೆದು ಸಹಿ ಹಾಕಿದೆ. ಬಿ.ಪಿ. ಗುಳಿಗೆಯ ಚೀಟಿ ಆಗ ನನ್ನ ಅಂಗಿಯ ಕಿಸೆಯಲ್ಲೇ ಇತ್ತು.

ಲೈಫ್ ಜಾಕೆಟ್ ಹಂಚುತ್ತಿದ್ದ ತರಬೇತಿಯ ಹುಡುಗ ಮೊಮ್ಮಗಳಿಗೆ, "ನೀರಲ್ಲಿ ನಿನ್ನ ಜೊತೆ ನಾನು ಬರ್ತೇನೆ" ಎಂದ. ಅವಳು ತಲೆ ಅಲ್ಲಾಡಿಸಿದಳು. "ನನಗ ಯಾರೂ ಬ್ಯಾಡ. ನಮ್ಮ ಅಜ್ಜ ಕೃಷ್ಣಾ ಹೊಳಿ ಈಜಿ ದಾಟ್ಯಾರ. ನಾ ಅಜ್ಜನ ಜೋಡಿನ ಹೋಗ್ತೀನಿ."

ನನ್ನ ಕಾಲು ಮರಳಿನಲ್ಲಿ ಹೂತಂತಾಯಿತು. ಮನೆಯಲ್ಲಿ ಕಟ್ಟೆಯ ಮೇಲೆ ಕುಳಿತು ಹೇಳಿದ ಸುಳ್ಳು ಯಾರನ್ನೂ ಮುಳುಗಿಸುವುದಿಲ್ಲ. ಆದರೆ ಈ ಹುಡುಗಿ ಅದನ್ನೇ ನಂಬಿ ಸಮುದ್ರಕ್ಕೆ ಇಳಿಯಲಿದ್ದಳು.

36 ವರ್ಷ ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು ನಾನು. ಲೆಜರಿನಲ್ಲಿ ತಪ್ಪು ಎಂಟ್ರಿ ಬಿದ್ದರೆ ಅಳಿಸುವಂತಿಲ್ಲ, ಮೇಲಿಂದ ಮೇಲೆ ಬರೆಯುವಂತಿಲ್ಲ. ಒಂದು ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ಸಣ್ಣ ಸಹಿ ಹಾಕಬೇಕು. ತಪ್ಪೂ ಕಾಣಬೇಕು, ತಿದ್ದಿದವನೂ ಕಾಣಬೇಕು. ಫಾರ್ಮು ಮರಳಿ ಕೇಳಿ ಪಡೆದೆ. ಎರಡೂ ಉತ್ತರಗಳ ಮೇಲೆ ಗೆರೆ ಹೊಡೆದೆ, ತಿದ್ದಿದೆ, ಸಹಿ ಹಾಕಿದೆ. ಆಮೇಲೆ ಮೊಮ್ಮಗಳ ಕಡೆ ತಿರುಗಿದೆ.

"ಹೊಳಿ ದಾಟಿದ್ದು ಖರೆ. ಆದ್ರ ಈಜಿ ಅಲ್ಲವ್ವಾ, ಎಮ್ಮಿ ಬಾಲ ಹಿಡಕೊಂಡು."

ಹೌದು ಮಕ್ಕಳೇ, ಬಿಟ್ಟುಹೋದ ಪ್ರಾಣಿ ಅದೇ. ಮೇಯಲು ಆಚೆ ದಂಡೆಗೆ ಹೋಗುವ ಎಮ್ಮೆಗಳು ಮೂಗಿನ ಹೊರಳೆ ಮೇಲಕ್ಕೆತ್ತಿ ಹಾಯಾಗಿ ಈಜುತ್ತವೆ. ನಾವು ಹುಡುಗರು ಬಾಲಕ್ಕೆ ಜೋತುಬೀಳುತ್ತಿದ್ದೆವು. ಶೂರತನ ತೋರಿಸಲು ನಡುಹೊಳೆಯಲ್ಲಿ ನಾನು ಒಮ್ಮೆ ಕೈ ಬಿಟ್ಟೆ. ನಾಲ್ಕು ಗುಟುಕು ನೀರು ಕುಡಿದು ಮತ್ತೆ ಬಾಲ ಹಿಡಿದೆ. ಆ ಮೇಲೆ ಎಂದೂ ಬಿಡಲಿಲ್ಲ. ನೀವ್ಯಾರೂ ಇದನ್ನು ಮಾಡಲು ಹೋಗಬೇಡಿ.

ಮೊಮ್ಮಗಳು ಮಾತಾಡಲಿಲ್ಲ. ನಗಲೂ ಇಲ್ಲ. ನನಗೆ ಅದೇ ಭಾರವಾಯಿತು.

ತರಬೇತಿಯ ಹುಡುಗ ಸಿಟ್ಟಾಗಲಿಲ್ಲ. "ಈಗ ಹೇಳಿದ್ದು ಒಳ್ಳೇದಾಯ್ತು ಅಜ್ಜಾ, ನೀರಲ್ಲಿ ಗೊತ್ತಾಗಿದ್ರೆ ಕಷ್ಟ" ಎಂದ. ಊರಿನ ನಮ್ಮ ಡಾಕ್ಟರರಿಗೆ ಫೋನು ಹಚ್ಚಿಸಿ ತಾನೇ ಮಾತಾಡಿದ. ಆಳಕ್ಕೆ ಇಳಿಯುವುದು ಬೇಡವೇ ಬೇಡ, ಬಿ.ಪಿ. ಹತೋಟಿಯಲ್ಲಿದೆ, ಜಾಕೆಟ್ ಹಾಕಿಕೊಂಡು ದೋಣಿಯ ಪಕ್ಕದಲ್ಲೇ ಸ್ವಲ್ಪ ಹೊತ್ತು ತೇಲಬಹುದು ಎಂದು ತೀರ್ಮಾನವಾಯಿತು. ಅಜ್ಜಂದಿರೇ, ಅಜ್ಜಿಯರೇ, ನೀವೂ ಹೊರಡುವ ಮೊದಲೇ ಡಾಕ್ಟರರನ್ನು ಕೇಳಿ; ನನ್ನ ಹಾಗೆ ದಂಡೆಗೆ ಬಂದ ಮೇಲಲ್ಲ.

ನೇತ್ರಾಣಿ ದಂಡೆಯಿಂದ ಸುಮಾರು 19 ಕಿಲೋಮೀಟರ್. ದೋಣಿಗೆ ಒಂದೂವರೆ ತಾಸು ಹಿಡಿಯಿತು. ಹಿಂದೆ ತಿರುಗಿದರೆ 123 ಅಡಿಯ ಶಿವನ ಮೂರ್ತಿ ಗೊಂಬೆಯಷ್ಟಾಗಿ, ಆಮೇಲೆ ಬೆರಳಿನಷ್ಟಾಯಿತು. ಮಳೆಗಾಲದಲ್ಲಿ ಸಮುದ್ರ ಕೆರಳುವುದರಿಂದ ಈ ದೋಣಿಗಳು ಹೊರಡುವುದಿಲ್ಲ. ದ್ವೀಪಕ್ಕೆ ಇಂಗ್ಲಿಷರ ನಕಾಶೆಗಳಲ್ಲಿ ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ ಎಂದು ಹೆಸರು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ನಮ್ಮ ನೌಕಾಪಡೆ ಗುಂಡಿನ ಗುರಿ ಅಭ್ಯಾಸಕ್ಕೂ ಇದನ್ನು ಬಳಸಿದ್ದುಂಟು. ನಾವು ದ್ವೀಪದ ಮೇಲೆ ಕಾಲಿಡಲಿಲ್ಲ, ದೋಣಿಯಿಂದಲೇ ನೋಡಿದೆವು: ಕಡಿದಾದ ಬಂಡೆ, ಮೇಲೆ ದಟ್ಟ ಕಾಡು.

ಕಾಡಿನ ನೆತ್ತಿಯಿಂದ ಒಂದು ದೊಡ್ಡ ಹಕ್ಕಿ ಎದ್ದಿತು. ಹೊಟ್ಟೆ ಅಚ್ಚ ಬಿಳಿ, ರೆಕ್ಕೆಯ ಅಂಚು ಕಪ್ಪು. ಬಿಳಿಹೊಟ್ಟೆಯ ಕಡಲ ಹದ್ದು. ಎರಡೂ ರೆಕ್ಕೆ ಬಿಚ್ಚಿದರೆ ಸುಮಾರು ಎರಡು ಮೀಟರ್; ನಮ್ಮ ಮನೆಯ ಬಾಗಿಲಿಗೆ ಅಡ್ಡ ಹಿಡಿದರೂ ಹಿಡಿಸುವುದಿಲ್ಲ. ಮೀನು, ಕಡಲಹಾವು ಇದರ ಊಟ. ಕಟ್ಟಿಗೆಯ ಗೂಡನ್ನು ವರ್ಷ ವರ್ಷವೂ ರಿಪೇರಿ ಮಾಡಿಕೊಂಡು ಅಲ್ಲೇ ಬಾಳುತ್ತದೆ. ಮೊಮ್ಮಗಳು ಮೊದಲ ಸಲ ಬಾಯಿ ಬಿಟ್ಟಳು: "ಅಜ್ಜಾ, ಅಲ್ನೋಡು!" ನನ್ನ ಜೀವ ಹಗುರಾಯಿತು.

ನೀರಿಗೆ ಇಳಿಯುವ ಹೊತ್ತು ಬಂತು. ಕನ್ನಡಕದ ಗಾಜಿಗೆ ಉಗುಳು ಹಚ್ಚಿ ತೊಳೆಯಿರಿ, ಇಲ್ಲದಿದ್ದರೆ ಮಂಜು ಕಟ್ಟುತ್ತದೆ ಎಂದರು. ಮೊಮ್ಮಗಳಿಗೆ ನಗು ತಡೆಯಲಾಗಲಿಲ್ಲ. ದೋಣಿಗೆ ಹಗ್ಗದಿಂದ ಕಟ್ಟಿದ ಟೈರಿನಂಥ ಬಳೆಯೊಂದು ತೇಲುತ್ತಿತ್ತು. ಏಣಿ ಇಳಿದೆನೋ ಇಲ್ಲವೋ ಕೈಕಾಲು ಬಡಿಯತೊಡಗಿದೆ, ಉಸಿರು ಮೇಲೆ ಕೆಳಗಾಯಿತು. ತರಬೇತಿಯವನ ಜೊತೆ ಅವಳು ನನ್ನ ಪಕ್ಕಕ್ಕೆ ಬಂದಳು. ನನ್ನ ಕೈ ಹಿಡಿದು ಬಳೆಯ ಹಗ್ಗದ ಮೇಲೆ ಇಟ್ಟಳು.

"ಅಜ್ಜಾ, ಬಾಲ ಹಿಡಕೋ."

ಹಿಡಿದೆ. ಉಸಿರು ತಹಬಂದಿಗೆ ಬಂದ ಮೇಲೆ ಮುಖ ನೀರಿಗಿಟ್ಟೆ.

ರಬಕವಿ-ಬನಹಟ್ಟಿಯ ಮಗ್ಗಗಳ ಸೀರೆಗಳನ್ನೆಲ್ಲ ಯಾರೋ ಕೆಳಗೆ ಹಾಸಿದ್ದಾರೆ ಅನ್ನಿಸಿತು. ಹಳದಿ ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ಹೊರಟಿದ್ದವು. ಹಸಿರು-ನೀಲಿ ಗಿಳಿಮೀನು ಗಿಳಿಯಂಥ ಕೊಕ್ಕಿನಿಂದ ಬಂಡೆ ಕೆರೆಯುತ್ತಿತ್ತು; ಶೇಂಗಾ ಅಗಿದಂತೆ ಕಟಕಟ ಸದ್ದು ನೀರಿನಲ್ಲಿ ಕೇಳಿಸಿತು. ಅದು ಪಾಚಿಯ ಜೊತೆ ಹವಳವನ್ನೂ ಅರೆದು ನುಂಗಿ, ಮರಳು ಮಾಡಿ ಹೊರಹಾಕುತ್ತದೆ. ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಜೀವಿಗಳು ಕೂಡಿ ಕಟ್ಟಿದ ಮನೆ. ಅದು ಬೆಳೆಯುವುದು ಬಹಳ ನಿಧಾನ. ಒಂದು ಕಾಲು ತಾಗಿದರೆ ವರ್ಷಗಳ ದುಡಿಮೆ ಮುರಿಯುತ್ತದೆ. ಅದಕ್ಕೇ ಮುಟ್ಟುವಂತಿಲ್ಲ, ನಿಲ್ಲುವಂತಿಲ್ಲ, ನೋಡಬೇಕಷ್ಟೆ. ನೀರೊಳಗೆ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ದಂಡೆಯಲ್ಲಿ ನನ್ನ ಕಥೆಗಳು ಬೆಳೆದ ಹಾಗೆ.

ಹದಿನೈದು ನಿಮಿಷಕ್ಕೆ ನನ್ನನ್ನು ಮೇಲೆ ಹತ್ತಿಸಿದರು. ಅಷ್ಟು ಸಾಕಾಗಿತ್ತು.

ಸಂಜೆ ದಂಡೆಯಲ್ಲಿ ಕಾಯುತ್ತಿದ್ದ ನಮ್ಮ ಮನೆಯವರಿಗೆ ಮೊಮ್ಮಗಳು ಮೊದಲು ಹೇಳಿದ್ದು ಹದ್ದಿನ ಸುದ್ದಿಯಲ್ಲ, ಮೀನಿನ ಸುದ್ದಿಯೂ ಅಲ್ಲ, ಎಮ್ಮೆಯದು. ಅವರು ತಣ್ಣಗೆ ಅಂದರು: "ನನಗ ಲಗ್ನ ಆದ ವರ್ಷನ ಗೊತ್ತಿತ್ತು. ನಿಮ್ಮ ಮುತ್ತಜ್ಜಿ ಹೇಳಿದ್ರು."

ಈಗ ನಮ್ಮ ಮನೆಯಲ್ಲಿ ಆ ಕಥೆಯನ್ನು ಮೊಮ್ಮಗಳೇ ಹೇಳುತ್ತಾಳೆ, ಎಮ್ಮೆಯನ್ನು ಸೇರಿಸಿಯೇ ಹೇಳುತ್ತಾಳೆ. ಕೇಳಿದವರು ಮೊದಲಿಗಿಂತ ಹೆಚ್ಚು ನಗುತ್ತಾರೆ. ಮಕ್ಕಳೇ, ನಿಮ್ಮ ಅಜ್ಜನ ಕಥೆಯಲ್ಲೂ ಎಲ್ಲೋ ಒಂದು ಎಮ್ಮೆ ಬಿಟ್ಟುಹೋಗಿರಬಹುದು. ಈ ರವಿವಾರ ಮೆಲ್ಲಗೆ ಕೇಳಿ ನೋಡಿ.